ಹಾಡೋ ಹಕ್ಕು ಯಾರದು ಅನ್ನೋದು ಬಿಡಿ, ದುಡ್ಡು ಯಾರಿಗೆ ಹೋಯ್ತು ಹೇಳಿ

ಈ ವರ್ಷ ನಾನು ಅತಿ ಹೆಚ್ಚು ಸಲ ಕೇಳಿದ ಆಲ್ಬಮ್ ಬಿಡುಗಡೆಯಾಗಿದ್ದು 2001ರ ಜುಲೈ 31ಕ್ಕೆ. ಹೆಸರು 'ಟೈಮ್ (ದ ರೆವೆಲೇಟರ್)'. ಹಾಡಿದವರು ಅಮೆರಿಕದ ನ್ಯಾಶ್‌ವಿಲ್‌ನ ಗಿಲಿಯನ್ ವೆಲ್ಚ್. ಹತ್ತು ಹಾಡು, ಐವತ್ತು ಚಿಲ್ಲರೆ ನಿಮಿಷ. ಎರಡು ಗಿಟಾರು, ಎರಡು ಗಂಟಲು, ನಡುವೆ ಎಲ್ಲೋ ಒಂಚೂರು ಬ್ಯಾಂಜೊ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಕೀಬೋರ್ಡ್ ಇಲ್ಲ. ಊರೆಲ್ಲ ಕೇಳಿ ಮುಗಿಸಿದ ಆಲ್ಬಮ್ ಬಗ್ಗೆ ಈಗ ಬರೆಯೋಕೆ ಏನಿದೆ ಅಂತ ಕೇಳಬಹುದು. ಇದೆ. ಬರಹ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನನಗೆ ಇದು ಸಿಕ್ಕಿದ್ದು ಅಕ್ಕನ ಮಗನಿಂದ. ಅವನು ಗಿಟಾರ್ ಕ್ಲಾಸಿಗೆ ಹೋಗುತ್ತಾನೆ. ಹಬ್ಬಕ್ಕೆ ಅವರ ಮನೆಗೆ ಹೋದಾಗ ರೂಮಿನಲ್ಲಿ ಕೂತು ಒಂದೇ ತುಣುಕನ್ನು ನುಡಿಸಿದ್ದೇ ನುಡಿಸಿದ್ದು. ಬಲಗೈ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರಬೇಕು. ಉಳಿದ ಎರಡು ಬೆರಳು ಅದರ ಗೊಡವೆಗೆ ಹೋಗದೆ ಸಣ್ಣ ತಂತಿಗಳಲ್ಲಿ ಹಾಡಿನ ಧಾಟಿ ಹಿಡಿಯಬೇಕು. "ಹೆಬ್ಬೆರಳು ಇದೆ ಅನ್ನೋದನ್ನೇ ಮರೀಬೇಕು ಅಂತಾರೆ ಮಾಮ ನಮ್ ಸರ್ರು. ಮರೆತ್ರೆ ಅದು ನಿಂತೇ ಹೋಗುತ್ತೆ" ಅಂದ. ಯಾರದೋ ಇದು ಅಂದೆ. ಫೋನನ್ನೇ ಕೈಗೆ ಕೊಟ್ಟ. 'ಎಲ್ವಿಸ್ ಪ್ರೀಸ್ಲಿ ಬ್ಲೂಸ್'. ಅಕ್ಕ ಎಲೆ ಹಾಕಿ ಕರೆಯುವಷ್ಟರಲ್ಲಿ ಆ ಹಾಡು ಮುಗಿದು ಮುಂದಿನ ಎರಡು ಹಾಡೂ ಆಗಿದ್ದವು.

ರಾಕ್ ಅಂಡ್ ರೋಲ್‌ನ ರಾಜ ಅನ್ನಿಸಿಕೊಂಡ ಹಾಡುಗಾರ ಎಲ್ವಿಸ್ ಸತ್ತಿದ್ದು 1977ರ ಆಗಸ್ಟ್ 16, ಮೆಂಫಿಸ್‌ನ ತನ್ನ ಮನೆಯಲ್ಲಿ. ವಯಸ್ಸು ಬರೀ 42. ಆ ದಿನವನ್ನು ನೆನೆಯುವ ಹಾಡು ಇದು. ಆದರೆ ಶ್ರದ್ಧಾಂಜಲಿ ಭಾಷಣದ ಧಾಟಿಯಲ್ಲಿಲ್ಲ. ತಲೆ ಬಾಚಿಕೊಂಡು, ಅಮ್ಮ ಹೊಲಿದ ಅಂಗಿ ತೊಟ್ಟು ಮೈಕಿನ ಮುಂದೆ ಹೋಗಿ ನಿಂತ ಹಳ್ಳಿ ಹುಡುಗ ಅನ್ನುತ್ತದೆ. ಅಷ್ಟು ಸಾಕು, ಆ ಹುಡುಗ ಕಣ್ಣಿಗೆ ಕಟ್ಟುತ್ತಾನೆ. ಆಮೇಲೆ ಅವನ ಇಳಿಗಾಲ. ಒಬ್ಬನೇ ಕೂತ ಎಲ್ವಿಸ್‌ಗೆ ಜಾನ್ ಹೆನ್ರಿ ನೆನಪಾಗುತ್ತಾನೆ. ರೈಲು ಸುರಂಗ ಕೊರೆಯುವ ಉಗಿ ಯಂತ್ರದ ಜೊತೆ ಪಂದ್ಯ ಕಟ್ಟಿ, ಗೆದ್ದು, ಸುತ್ತಿಗೆ ಕೈಯಲ್ಲಿ ಹಿಡಿದೇ ಸತ್ತ ಕಪ್ಪು ಕೂಲಿಯಾಳು ಅಂತ ಅವನ ಕಥೆ ಅಲ್ಲಿ ಮನೆಮಾತು. ಕೆಲಸ ಮಾಡುತ್ತಾ ಮಾಡುತ್ತಾ ಬಿದ್ದು ಸತ್ತ ಅವನೇ ಸುಖಿ ಅನ್ನಿಸುತ್ತದೆ ಈ ರಾಜನಿಗೆ. ಎಷ್ಟೋ ಜನ ಎಲ್ವಿಸ್ ಬಗ್ಗೆ ಪುಸ್ತಕವೇ ಬರೆದಿದ್ದಾರೆ. ಈ ಒಂದು ಯೋಚನೆ ಅವರಿಗೆ ಹೊಳೆದಿದ್ದರೆ ಅರ್ಧ ಪುಟ ಉಳಿಯುತ್ತಿತ್ತು.

ಇನ್ನೊಂದು ವಿಷಯ. ಆಲ್ಬಮ್ಮಿನ ಒಂದು ಹಾಡು ಬಿಟ್ಟು ಉಳಿದದ್ದೆಲ್ಲ ರೆಕಾರ್ಡ್ ಆಗಿದ್ದು ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ಬಿ ಎಂಬ ಜಾಗದಲ್ಲಿ. 1957ರಲ್ಲಿ ಕಟ್ಟಿದ ಸ್ಟುಡಿಯೋ. ಎಲ್ವಿಸ್ ಅಲ್ಲಿ 200ಕ್ಕೂ ಹೆಚ್ಚು ಹಾಡು ಹಾಡಿದ್ದ. ಅವನು ನಿಂತು ಹಾಡಿದ ಅದೇ ನೆಲದಲ್ಲಿ ಅವನ ಸಾವಿನ ಹಾಡು. ಇದನ್ನು ಹಾಡಿನೊಳಗೆ ಎಲ್ಲೂ ಹೇಳಿಲ್ಲ. ಹೇಳದೇ ಇದ್ದದ್ದು ಒಳ್ಳೆಯದಾಯಿತು.

ಇಡೀ ಆಲ್ಬಮ್ ನಿಧಾನ. ಎಷ್ಟು ನಿಧಾನ ಅಂದರೆ ಮೊದಲ ಸಲ ಕೇಳಿದ ನಮ್ಮನೆಯವಳು "ಇಂಟರ್ನೆಟ್ ಸ್ಲೋ ಇದೆಯಾ?" ಅಂದಳು. ವಿಲಂಬಿತ ಕೇಳಿ ಅಭ್ಯಾಸ ಇರುವವರಿಗೆ ಇದು ಕಷ್ಟವಾಗಲಿಕ್ಕಿಲ್ಲ. ನನಗೆ ಕಷ್ಟವಾಗಿದ್ದು ಬೇರೆ. ನಮ್ಮಲ್ಲಿ ಇಬ್ಬರು ಸೇರಿ ಹಾಡಿದರೆ ಇಬ್ಬರೂ ಅದೇ ಸ್ವರ ಹಿಡಿಯುತ್ತಾರೆ, ಹೆಚ್ಚೆಂದರೆ ಒಬ್ಬರು ಮೇಲಿನ ಷಡ್ಜಕ್ಕೆ ಹೋದಾರು. ಇಲ್ಲಿ ವೆಲ್ಚ್ ಒಂದು ಸ್ವರದಲ್ಲಿ ಹಾಡುತ್ತಿದ್ದರೆ ಪಕ್ಕದಲ್ಲೇ ಅವರ ಜೊತೆಗಾರ ಡೇವಿಡ್ ರಾಲಿಂಗ್ಸ್ ಬೇರೆ ಸ್ವರ ಹಿಡಿದು ಅದೇ ಮಾತನ್ನು ಅದೇ ಉಸಿರಿನಲ್ಲಿ ಹಾಡುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಅವರ ದನಿಯನ್ನು ಮಾತ್ರ ಹಿಂಬಾಲಿಸೋಣ ಅಂತ ಕೂತರೆ ನಾಲ್ಕು ಸಾಲು ದಾಟುವಷ್ಟರಲ್ಲಿ ಕೈತಪ್ಪಿ ಹೋಗುತ್ತದೆ. ಇವರ ದನಿ ಯಾವುದು, ಅವರದು ಯಾವುದು ಅಂತ ಬಿಡಿಸಲಾಗುವುದಿಲ್ಲ.

ರಾಲಿಂಗ್ಸ್ ಗಿಟಾರಿನ ಬಗ್ಗೆ ಹೇಳಲೇಬೇಕು. 1935ರ ಎಪಿಫೋನ್ ಒಲಿಂಪಿಕ್. ಆರ್ಚ್‌ಟಾಪ್ ಅನ್ನುವ ಜಾತಿಯದು, ಮೈ ಸ್ವಲ್ಪ ಉಬ್ಬಿರುತ್ತದೆ, ಪಿಟೀಲಿಗಿರುವ ಹಾಗೆ ಎರಡು ಎಫ್ ಆಕಾರದ ಕಂಡಿ. ಆ ಕಾಲಕ್ಕೆ ಅದು ಅಗ್ಗದ ಮಾಲು. ವೆಲ್ಚ್ ಕೈಯಲ್ಲಿರುವುದು 1956ರ ಗಿಬ್ಸನ್ ಜೆ-50, ದೊಡ್ಡ ಹೊಟ್ಟೆಯ, ಗುಂಯ್‌ಗುಡುವ ಗಿಟಾರು. ದೊಡ್ಡದು ನೆಲ ಹಿಡಿದು ನಿಂತಿರುತ್ತದೆ, ಈ ಸಣ್ಣದು ಅದರ ಮೇಲೆ ಕುಣಿಯುತ್ತದೆ. ಮೊದಲ ಹಾಡು 'ರೆವೆಲೇಟರ್'ನಲ್ಲಿ ಕೊನೆಯ ಸುತ್ತಿಗೆ ಬಂದಾಗ ರಾಲಿಂಗ್ಸ್ ಸರಿಯಾದ ಸ್ವರಕ್ಕೆ ಇನ್ನೇನು ಇಳಿಯಬೇಕು, ಇಳಿಯುವುದಿಲ್ಲ. ಅದರ ಪಕ್ಕದ, ಕಿವಿಗೆ ಚುಚ್ಚುವ ಸ್ವರವನ್ನೇ ಹಿಡಿದು ಜಗ್ಗುತ್ತಾರೆ, ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಅಪಸ್ವರ ಅನ್ನೋಣವೆಂದರೆ ಅನ್ನೋಕಾಗಲ್ಲ, ಯಾಕೆಂದರೆ ಅಷ್ಟರಲ್ಲಿ ಮನೆಗೆ ಬಂದುಬಿಟ್ಟಿರುತ್ತಾರೆ. ಕವರಿನ ಮೇಲೆ ಒಬ್ಬರ ಹೆಸರಿದ್ದರೂ ಇದು ಇಬ್ಬರ ಆಲ್ಬಮ್. ಹಾಡುಗಳನ್ನು ಬರೆದವರೂ ಇಬ್ಬರೇ.

ಎಲ್ಲವೂ ಚಿನ್ನ ಅಂತೇನಿಲ್ಲ. 'ಡಿಯರ್ ಸಮ್‌ಒನ್' ಎಂಬ ಜೋಗುಳದಂಥ ಹಾಡು ನನಗೆ ಸ್ವಲ್ಪ ಸಿಹಿ ಜಾಸ್ತಿ. ನಾನು ದಾಟಿಸಿ ಮುಂದೆ ಹೋಗುತ್ತೇನೆ.

ಮುಂದೆ ಇರೋದು 'ರೆಡ್ ಕ್ಲೇ ಹೇಲೋ'. ಕೆಮ್ಮಣ್ಣಿನ ಹೊಲದಲ್ಲಿ ದುಡಿಯುವ ಹುಡುಗನ ಹಾಡು. ಎಷ್ಟು ತಿಕ್ಕಿ ತೊಳೆದರೂ ಮೈಯ ಕೆಂಪು ಹೋಗುವುದಿಲ್ಲ, ಹುಡುಗಿಯರು ಅವನ ಜೊತೆ ಕುಣಿಯಲು ಬರುವುದಿಲ್ಲ. ಸತ್ತು ಸ್ವರ್ಗದ ಬಾಗಿಲಿಗೆ ಹೋದ ಮೇಲೆ ನನಗೆ ಚಿನ್ನದ ನಿಲುವಂಗಿ ಕೊಡುತ್ತಾರೋ ಅಥವಾ ಅಲ್ಲೂ ಇದೇ ಕೆಮ್ಮಣ್ಣಿನ ಬಟ್ಟೆ, ಕೆಮ್ಮಣ್ಣಿನ ರೆಕ್ಕೆ, ತಲೆಯ ಸುತ್ತ ಕೆಮ್ಮಣ್ಣಿನ ಪ್ರಭಾವಳಿಯೋ ಅಂತ ಕೇಳುತ್ತಾನೆ. ಮಳೆಗಾಲದಲ್ಲಿ ಮಲೆನಾಡಿನ ರಸ್ತೆಯಲ್ಲಿ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಸ್ಕೂಲಿಗೆ ನಡೆದವರಿಗೆ ಈ ಹುಡುಗನ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಬರೆದವರು ರೈತರ ಮನೆಯ ಮಗಳಿರಬೇಕು ಅಂದುಕೊಳ್ಳುತ್ತೀರಿ. ಗಿಲಿಯನ್ ವೆಲ್ಚ್ ಹುಟ್ಟಿದ್ದು 1967ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಹುಟ್ಟಿದ ಕೂಡಲೇ ದತ್ತು ಪಡೆದವರು ಕೆನ್ ಮತ್ತು ಮಿಟ್ಜಿ ವೆಲ್ಚ್ ದಂಪತಿ. ಕ್ಯಾರಲ್ ಬರ್ನೆಟ್ ಅವರ ಜನಪ್ರಿಯ ಟೀವಿ ಶೋಗೆ ಹಾಡು, ಸಂಗೀತ ಬರೆಯುತ್ತಿದ್ದವರು. ಬೆಳೆದಿದ್ದು ಲಾಸ್ ಏಂಜಲೀಸ್‌ನಲ್ಲಿ. ಸ್ಕೂಲಿನಲ್ಲಿ ಮಕ್ಕಳಿಗೆ ಜಾನಪದ ಹಾಡುಗಾರ ವುಡಿ ಗತ್ರಿಯ ಹಾಡು ಹೇಳಿಕೊಡುತ್ತಿದ್ದರು, ಕಾಲೇಜಿಗೆ ಬಂದ ಮೇಲೆ ಸ್ಟ್ಯಾನ್ಲಿ ಬ್ರದರ್ಸ್ ಎಂಬ ಹಳೆಯ ಬ್ಲೂಗ್ರಾಸ್ (ಅಲ್ಲಿನ ಹಳ್ಳಿಗಾಡಿನ ತಂತಿವಾದ್ಯದ ಸಂಗೀತ) ಜೋಡಿಯ ರೆಕಾರ್ಡ್ ಕಿವಿಗೆ ಬಿತ್ತು, ಅಲ್ಲಿಗೆ ಮುಗಿಯಿತು. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ರಾಲಿಂಗ್ಸ್ ಸಿಕ್ಕರು. ಅವರೂ ಈ ಸಂಗೀತದ ತವರಾದ ಅಮೆರಿಕದ ದಕ್ಷಿಣದವರಲ್ಲ, ರೋಡ್ ಐಲೆಂಡಿನವರು. 1992ರಲ್ಲಿ ನ್ಯಾಶ್‌ವಿಲ್‌ಗೆ ಬಂದು 1996ರಲ್ಲಿ ಮೊದಲ ಆಲ್ಬಮ್ ತಂದಾಗ ಕೆಲವು ವಿಮರ್ಶಕರು ಮುಗಿಬಿದ್ದರು. ಕ್ಯಾಲಿಫೋರ್ನಿಯಾದ ಟೀವಿ ಮನೆತನದ ಹುಡುಗಿ ಹಳೆಯ ಕಾಟನ್ ಫ್ರಾಕು ತೊಟ್ಟು ಬಡ ರೈತರ ದುಃಖ ಹಾಡುತ್ತಾಳೆ, ಇದು ನಾಟಕ ಅಂತ.

ಈ ಜಗಳದಲ್ಲಿ ನನಗೆ ಎರಡೂ ಕಡೆಯವರ ಮೇಲೆ ಸಿಟ್ಟಿದೆ. ನಾಟಕ ಅಂದವರ ಮೇಲೆ ಯಾಕೆಂದರೆ, ಹಾಡು ಅಂದ ಮೇಲೆ ನಾಟಕ ಇದ್ದೇ ಇರುತ್ತದೆ. ಅಕ್ಕನ ವಚನ ಹಾಡುವವರೆಲ್ಲ ಗಂಡನನ್ನು ಬಿಟ್ಟು ಶ್ರೀಶೈಲಕ್ಕೆ ಹೊರಟವರಲ್ಲ. ಶಿಶುನಾಳ ಶರೀಫರನ್ನು ಬೆಂಗಳೂರಿನ ಮನೆಮನೆಗೂ ತಲುಪಿಸಿದ ಸಿ. ಅಶ್ವಥ್ ಹುಬ್ಬಳ್ಳಿ ಕಡೆಯವರಲ್ಲ, ಯಾರಾದರೂ ತಕರಾರು ಮಾಡಿದರಾ? ಪರ ವಹಿಸಿದವರ ಮೇಲೆ ಯಾಕೆ ಸಿಟ್ಟು ಅಂದರೆ, ವೆಲ್ಚ್ ಅವರ ಹೆತ್ತ ತಾಯಿ ನಾರ್ತ್ ಕ್ಯಾರೊಲೈನಾದ ಬೆಟ್ಟಸೀಮೆಯವರಿರಬಹುದು ಅಂತ ಬರೆದವರಿದ್ದಾರೆ. ಅದನ್ನು ಹಿಡಿದು, ನೋಡಿ, ರಕ್ತದಲ್ಲೇ ಇತ್ತು ಅನ್ನುವ ಅಭಿಮಾನಿಗಳಿದ್ದಾರೆ. ಕುಲ ಕೇಳಿ ಹಾಡಿಗೆ ಮಣೆ ಹಾಕುವ ಈ ರೋಗ ನಮಗೆ ಗೊತ್ತಿರುವಂಥದ್ದೇ. ದಯವಿಟ್ಟು ಬೇಡ.

ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ ಹಾಡಿನ ಬಗೆ, ಅದರ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ಚೂಪಾಗುತ್ತದೆ. ಅಕ್ಕನ ಮಗ ತಿಣುಕಾಡುತ್ತಿದ್ದ ಆ ಹೆಬ್ಬೆರಳಿನ ನಡೆ ದಕ್ಷಿಣದ ಕಪ್ಪು ಜನ ರೂಢಿಸಿದ್ದು. ಮಿಸಿಸಿಪ್ಪಿ ಜಾನ್ ಹರ್ಟ್ ಅಂತ ಒಬ್ಬರಿದ್ದರು. ಅವಲಾನ್ ಎಂಬ ಪುಟ್ಟ ಊರಿನಲ್ಲಿ ಕಂಡವರ ಹೊಲದಲ್ಲಿ ದುಡಿಯುತ್ತಿದ್ದವರು. 1928ರಲ್ಲಿ ಓಕೆ ಎಂಬ ಕಂಪನಿಗೆ ಒಂದಷ್ಟು ಹಾಡು ರೆಕಾರ್ಡ್ ಮಾಡಿದರು, ತಟ್ಟೆಗಳು ಓಡಲಿಲ್ಲ, ವಾಪಸ್ ಹೊಲಕ್ಕೆ. 1963ರಲ್ಲಿ ಹಳೆಯ ರೆಕಾರ್ಡು ಹುಡುಕುವ ಹುಡುಗರು ಹಾಡಿನಲ್ಲೇ ಬರುವ ಊರಿನ ಹೆಸರು ಹಿಡಿದು ಹೋದರೆ ಮನುಷ್ಯ ಅಲ್ಲೇ ಇದ್ದರು, ಬೆರಳೂ ಹಾಗೇ ಇತ್ತು. ದೊಡ್ಡ ವೇದಿಕೆ, ಹೊಸ ರೆಕಾರ್ಡು, ಹೆಸರು ಎಲ್ಲ ಬಂತು, ಮೂರು ವರ್ಷ. 1966ರಲ್ಲಿ ತೀರಿಕೊಂಡರು.

ಅವರಿಗೆ ಮೂರು ವರ್ಷವಾದರೂ ಸಿಕ್ಕಿತು. ಆರ್ಥರ್ ಕ್ರೂಡಪ್ ಕಥೆ ಇನ್ನೂ ಕಹಿ. ಮಿಸಿಸಿಪ್ಪಿಯ ಈ ಕಪ್ಪು ಬ್ಲೂಸ್ ಹಾಡುಗಾರ 1946ರಲ್ಲಿ ರೆಕಾರ್ಡ್ ಮಾಡಿದ ಹಾಡನ್ನೇ 1954ರಲ್ಲಿ ಹತ್ತೊಂಬತ್ತು ವರ್ಷದ ಎಲ್ವಿಸ್ ಹಾಡಿ ತನ್ನ ಮೊದಲ ರೆಕಾರ್ಡ್ ಬಿಟ್ಟಿದ್ದು. ಅಲ್ಲಿಂದ ಮುಂದೆ ಆದದ್ದು ಲೋಕಕ್ಕೇ ಗೊತ್ತು. ಕ್ರೂಡಪ್ ಮಾತ್ರ ಕೂಲಿನಾಲಿ ಮಾಡಿಕೊಂಡೇ ಇದ್ದರು. ಕೊನೆಗಾಲದಲ್ಲಿ ಬಾಕಿ ರಾಯಲ್ಟಿ ಬಗ್ಗೆ ಒಪ್ಪಂದ ಇನ್ನೇನು ಆಗಿಯೇ ಹೋಯಿತು ಅನ್ನುವಾಗ ಮುರಿದುಬಿತ್ತು. 1974ರಲ್ಲಿ ಸತ್ತರು. ಎಲ್ವಿಸ್ ಆ ಹಾಡು ಹಾಡಬಾರದಿತ್ತು ಅಂತ ನಾನು ಹೇಳೋಲ್ಲ, ಚೆನ್ನಾಗಿಯೇ ಹಾಡಿದ್ದಾನೆ. ಬಿಳಿಯ ಹುಡುಗ ಕಪ್ಪು ಜನರ ಹಾಡು ಹಾಡಬಹುದಾ, ನಗರದ ಹುಡುಗಿ ಹೊಲದ ಹಾಡು ಹಾಡಬಹುದಾ ಅಂತ ಸೆಮಿನಾರು ನಡೆಸುತ್ತಾ ಕೂತವರು ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಹಣ ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ಆಲ್ಬಮ್ಮೇ ಕೇಳುತ್ತದೆ. ಅದಕ್ಕೇ ಇದು ನನ್ನನ್ನು ಬಿಡುತ್ತಿಲ್ಲ. ಆದರೆ ಅದಕ್ಕೆ ಮೊದಲು ಏಪ್ರಿಲ್ 14ರ ಹಾಡು.

ನಮ್ಮ ಕ್ಯಾಲೆಂಡರಿನಲ್ಲಿ ಏಪ್ರಿಲ್ 14 ಅಂದರೆ ಅಂಬೇಡ್ಕರ್ ಜಯಂತಿ, ನೀಲಿ ಬಾವುಟ, ಮೆರವಣಿಗೆ. ಕರಾವಳಿಯವರಿಗೆ ಆ ಆಸುಪಾಸಿನಲ್ಲೇ ಬಿಸು. ವೆಲ್ಚ್ ಅವರ ಹಾಡಿನಲ್ಲಿ ಅದು ಹಾಳು ದಿನ. 1865ರ ಏಪ್ರಿಲ್ 14ರಂದು ನಾಟಕ ನೋಡುತ್ತಿದ್ದ ಲಿಂಕನ್ ತಲೆಗೆ ಹಿಂದಿನಿಂದ ಗುಂಡು ಬಿತ್ತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. 1935ರ ಏಪ್ರಿಲ್ 14, ಭಾನುವಾರ, ಒಕ್ಲಹೋಮ, ಟೆಕ್ಸಸ್ ಕಡೆಯ ಬಯಲುಸೀಮೆಯಲ್ಲಿ ಹಗಲೇ ರಾತ್ರಿಯಾಗುವಂಥ ಧೂಳಿನ ಬಿರುಗಾಳಿ ಎದ್ದಿತು. ಹುಲ್ಲುಗಾವಲನ್ನೆಲ್ಲ ಗೋಧಿಗಾಗಿ ಉತ್ತು ಬಿಟ್ಟಿದ್ದರು, ಮೇಲೆ ಬರಗಾಲ, ಹಿಡಿದಿಡುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದು ಹೋಯಿತು. ಹೊಲ ಕಳೆದುಕೊಂಡವರು ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾ ದಾರಿ ಹಿಡಿದರು. ಆ ಭಾನುವಾರ ಟೆಕ್ಸಸ್‌ನ ಪ್ಯಾಂಪ ಊರಿನಲ್ಲಿ ಇದ್ದವರಲ್ಲಿ ವುಡಿ ಗತ್ರಿಯೂ ಒಬ್ಬರು. ಅದೇ ಗತ್ರಿ, ವೆಲ್ಚ್ ಅವರ ಸ್ಕೂಲಿನಲ್ಲಿ ಹೇಳಿಕೊಡುತ್ತಿದ್ದ ಹಾಡುಗಳ ಗತ್ರಿ.

ಇಷ್ಟನ್ನು ಒಂದರ ಪಕ್ಕ ಒಂದಿಟ್ಟು ಸಾಲಾಗಿ ಹೇಳಿದ್ದರೆ ಕ್ವಿಜ್ ಆಗುತ್ತಿತ್ತು. ಹಾಡು ಇವುಗಳ ನಡುವೆ ಇನ್ನೊಂದನ್ನು ಹೊಸೆಯುತ್ತದೆ: ಯಾವುದೋ ಊರಿನ ಒಂದು ಬಡಪಾಯಿ ರಾಕ್ ಶೋ. ಎರಡು ಡಾಲರ್ ಟಿಕೆಟ್ಟಿಗೆ ಐದು ಬ್ಯಾಂಡು. ಹೊರಗೆ ಇಡಾಹೋದಿಂದ ಬಂದು ನಿಂತ ವ್ಯಾನು, ಅದರ ಹಿಂದಿನ ಸೀಟಿನ ಕಸದ ನಡುವೆ ಪ್ರಜ್ಞೆ ತಪ್ಪಿ ಮಲಗಿದ ಒಬ್ಬ ಹುಡುಗಿ. ಈ ಕಲೆಕ್ಷನ್ನಿನಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲಿಗೂ ಗತಿಯಿಲ್ಲ ಅಂತ ನೋಡುತ್ತಾ ನಿಂತವಳ ಲೆಕ್ಕ. ಆದರೂ ಅವಳಿಗೆ ಆ ಬ್ಯಾಂಡಿನಲ್ಲಿ ತಾನೂ ಇದ್ದಿದ್ದರೆ ಅನ್ನಿಸುತ್ತದೆ. ಲಿಂಕನ್ ಕೊಲೆ ಒಂದು ತಕ್ಕಡಿಯಲ್ಲಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇನ್ನೊಂದರಲ್ಲಿ. ಎರಡೂ ಸಮ ತೂಗುತ್ತವೆ, ಹೇಗೆ ಅಂತ ನನಗೆ ಬಗೆಹರಿದಿಲ್ಲ.

ಈಗ ಒಂಬತ್ತನೇ ಹಾಡು, 'ಎವ್ರಿಥಿಂಗ್ ಈಸ್ ಫ್ರೀ'. ನ್ಯಾಪ್‌ಸ್ಟರ್ ನೆನಪಿದೆಯಾ? 1999ರಲ್ಲಿ ಶುರುವಾಗಿ, ಒಬ್ಬರ ಕಂಪ್ಯೂಟರಿನ ಹಾಡನ್ನು ಇನ್ನೊಬ್ಬರು ಪುಕ್ಕಟೆ ಇಳಿಸಿಕೊಳ್ಳುವ ದಾರಿ ಮಾಡಿಕೊಟ್ಟಿತ್ತು. ಕೋರ್ಟಿನ ಏಟಿಗೆ ಅದು ಬಾಗಿಲು ಹಾಕಿದ್ದೂ, ಈ ಆಲ್ಬಮ್ ಹೊರಬಿದ್ದಿದ್ದೂ ಒಂದೇ ತಿಂಗಳು, 2001ರ ಜುಲೈ. ಕಂಪನಿಗಳು ಬೊಬ್ಬೆ ಹೊಡೆಯುತ್ತಿದ್ದಾಗ ವೆಲ್ಚ್ ಬೊಬ್ಬೆ ಹೊಡೆಯಲಿಲ್ಲ. ತಣ್ಣಗೆ, ಗೊಣಗಿಕೊಂಡ ಹಾಗೆ ಹೇಳುತ್ತಾರೆ: ಈಗ ಎಲ್ಲವೂ ಪುಕ್ಕಟೆಯಂತೆ, ನಾನು ಮಾಡಿದ್ದೆಲ್ಲ ಹಂಚಿಬಿಡಬೇಕಂತೆ. ನನ್ನ ಗುಟ್ಟು ಅವರಿಗೆ ಗೊತ್ತಾಗಿಬಿಟ್ಟಿದೆ, ದುಡ್ಡು ಕೊಡದಿದ್ದರೂ ಇವಳು ಹಾಡದೇ ಇರೋಲ್ಲ ಅಂತ. ಬಾರಿನಲ್ಲಿ ಡಬ್ಬಿ ಇಟ್ಟುಕೊಂಡು ಚಿಲ್ಲರೆ ಎತ್ತಬಹುದು. ಇಲ್ಲವೇ ಯಾವುದಾದರೂ ಕೆಲಸಕ್ಕೆ ಸೇರಬಹುದು, ಹಿಂದೆ ಮಾಡಿದ್ದೇನೆ, ದುಡಿಮೆಗೆ ಹೆದರಿದವಳಲ್ಲ, ಯಾರಿಗಾಗಿ ದುಡಿಯುತ್ತಿದ್ದೇನೆ ಅನ್ನೋದೇ ಪ್ರಶ್ನೆ. ಮತ್ತೆ ಕೊನೆಗೆ ಬರುವ ಮಾತಿನಲ್ಲಿ ಒಂದು ಸಣ್ಣ ಬೆದರಿಕೆ ಇದೆ: ಏನಾದರೂ ಕೇಳಬೇಕು ಅನ್ನಿಸಿದರೆ ನೀವೇ ಹಾಡಿಕೊಳ್ಳಿ.

ನಾನು ಇದನ್ನು ಕೇಳಿದ್ದು ಪುಕ್ಕಟೆ ಆ್ಯಪಿನಲ್ಲಿ. ನೀವೇ ಹಾಡಿಕೊಳ್ಳಿ ಅಂದು ಅವರು ಸುಮ್ಮನಾದ ಮರುಕ್ಷಣ ಯಾವುದೋ ಸಾಲದ ಆ್ಯಪಿನ ಜಾಹೀರಾತು ಅರಚಿಕೊಂಡಿತು. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಯಾವ ವಿಮರ್ಶಕರೂ ಬರೆಯಲಾರರು.

ವೆಲ್ಚ್ ಮತ್ತು ರಾಲಿಂಗ್ಸ್ ಹಾಡಿ ಸುಮ್ಮನಾಗಲಿಲ್ಲ ಅನ್ನೋದು ಮುಖ್ಯ. ಅವರಿದ್ದ ಕಂಪನಿ ದೊಡ್ಡ ಕಂಪನಿಯ ಹೊಟ್ಟೆ ಸೇರಿದಾಗ ಇವರು ಹೊರಬಂದು ಅಕೋನಿ ಅಂತ ಸ್ವಂತ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಮಾಡಿಕೊಂಡರು. ಅಪಲಾಚಿಯಾ ಬೆಟ್ಟಗಳ ಒಂದು ಕಾಡುಹೂವಿನ ಹೆಸರು ಅದು. ಅಲ್ಲಿಂದ ಬಂದ ಮೊದಲ ಆಲ್ಬಮ್ಮೇ ಇದು. ಆ ವರ್ಷದ ಸಮಕಾಲೀನ ಜಾನಪದ ವಿಭಾಗದ ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು, ಬಾಬ್ ಡಿಲನ್ ಎದುರು ಸೋತಿತು. ಸೋತರೂ ಮೂಲ ರೆಕಾರ್ಡಿಂಗಿನ ಮಾಸ್ಟರ್ ಟೇಪು ಅವರದೇ ಕಪಾಟಿನಲ್ಲಿತ್ತು. ಆಮೇಲೆ ನ್ಯಾಶ್‌ವಿಲ್‌ನಲ್ಲೇ ವುಡ್‌ಲ್ಯಾಂಡ್ ಎಂಬ ಹಳೆಯ ಸ್ಟುಡಿಯೋವನ್ನೂ ಕೊಂಡರು. 2020ರ ಮಾರ್ಚಿನಲ್ಲಿ ಆ ಊರಿಗೆ ಸುಂಟರಗಾಳಿ ಬಡಿದು ಸ್ಟುಡಿಯೋದ ಚಾವಣಿ ಹಾರಿದಾಗ ಇಬ್ಬರೂ ಓಡಿಹೋಗಿ ಟೇಪು, ಗಿಟಾರುಗಳನ್ನು ಮಳೆಯಿಂದ ಕಾಪಾಡಿಕೊಂಡರು. ತಮ್ಮ ಹಾಡಿನ ಹಕ್ಕು ತಮ್ಮಲ್ಲೇ ಇಟ್ಟುಕೊಳ್ಳುವುದೆಂದರೆ ಇಂಥ ರಾತ್ರಿ ಡಬ್ಬ ಹೊರುವುದೂ ಅದರಲ್ಲಿ ಸೇರಿದೆ. ರಿಪೇರಿಯಾದ ಸ್ಟುಡಿಯೋದ ಹೆಸರನ್ನೇ ಇಟ್ಟು 2024ರಲ್ಲಿ ಇಬ್ಬರ ಹೆಸರಲ್ಲೂ ಬಂದ ಆಲ್ಬಮ್‌ಗೆ ಮರುವರ್ಷ ಜಾನಪದ ವಿಭಾಗದ ಗ್ರ್ಯಾಮಿ ಬಂತು.

ನಮ್ಮ ಕಡೆ ನೋಡೋಣ. 2001ರ ಹೊತ್ತಿಗೆ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ನೂರು ಹಾಡಿನ ಎಂಪಿತ್ರೀ ಸಿಡಿಯನ್ನು ಚೌಕಾಸಿ ಮಾಡಿ ತಂದವರೇ ನಾವೆಲ್ಲ. ಅದು ಕಳ್ಳ ಮಾಲು ಅಂತ ಗೊತ್ತಿತ್ತು. ಈಗ ಆ್ಯಪು ಕಾನೂನುಬದ್ಧ, ಆದರೆ ಹಾಡಿದವರ ಕೈಗೆ ಏನು ಬರುತ್ತದೆ ಅಂತ ಹಾಡುವ ಗೆಳೆಯರನ್ನು ಕೇಳಿ ನೋಡಿ, ನಗುತ್ತಾರೆ. ಇನ್ನೊಂದು ನಮ್ಮದೇ ಜಾಣತನ ಇದೆ. ಸಿನಿಮಾ ಟೈಟಲ್ ಕಾರ್ಡಿನಲ್ಲಿ 'ಸಾಹಿತ್ಯ: ಜಾನಪದ' ಅಂತ ಹಾಕಿಬಿಟ್ಟರೆ ಯಾರಿಗೂ ಕಾಸು ಬಿಚ್ಚಬೇಕಿಲ್ಲ. ಬರೆದವರು ಯಾರೋ ಗೊತ್ತಿಲ್ಲ ಸರಿ, ಆ ಧಾಟಿಯನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದವರು ಯಾವ ಊರಿನವರು, ಯಾರ ಬಾಯಿಂದ ಕಲಿತಿರಿ ಅನ್ನೋದಾದರೂ ಗೊತ್ತಿರುತ್ತದಲ್ಲ? ಅವರನ್ನು ಕರೆದು ಒಂದು ಶಾಲು ಹೊದಿಸಿದರೆ ಮುಗಿಯಿತು ನಮ್ಮ ರಾಯಲ್ಟಿ. ಕ್ರೂಡಪ್‌ಗೆ ಶಾಲೂ ಹೊದಿಸಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು.

ಕೊನೆಯ ಹಾಡು 'ಐ ಡ್ರೀಮ್ ಎ ಹೈವೇ' ಹದಿನಾಲ್ಕೂವರೆ ನಿಮಿಷ ಇದೆ. ಎರಡೇ ಎರಡು ಗಿಟಾರು, ಒಂದೇ ಧಾಟಿ, ಮೇಲೇರುವುದೂ ಇಲ್ಲ, ಓಡುವುದೂ ಇಲ್ಲ. ಅದರಲ್ಲಿ 1965ರಲ್ಲಿ ವೇದಿಕೆಯ ಅಂಚಿನ ದೀಪಗಳನ್ನೆಲ್ಲ ಒಡೆದು ಹಾಕಿದ ಹಾಡುಗಾರ ಜಾನಿ ಕ್ಯಾಶ್ ಬಂದು ಹೋಗುತ್ತಾರೆ, ಬೈಬಲ್ಲಿನ ಲಾಜರಸ್ ಬರುತ್ತಾನೆ, ಯಾರನ್ನೂ ಪರಿಚಯ ಮಾಡಿಕೊಡುವುದಿಲ್ಲ. ಇದನ್ನು ಮೊದಲೇ ಹಾಕಿದರೆ ನೀವು ಖಂಡಿತ ನನ್ನನ್ನು ಬೈಯುತ್ತೀರಿ. ಕೆಮ್ಮಣ್ಣಿನ ಹುಡುಗನಿಂದ ಶುರು ಮಾಡಿ, ಆಮೇಲೆ ಎಲ್ವಿಸ್, ಆಮೇಲೆ 'ರೆವೆಲೇಟರ್'. ಇಷ್ಟು ಹಿಡಿಸಿದರೆ ಮಾತ್ರ ಒಂದು ರಾತ್ರಿ ಇದಕ್ಕೆ ಕೂತುಕೊಳ್ಳಿ. ಫೋನಿನ ಸ್ಪೀಕರ್ ಬೇಡ, ಆ ಸಣ್ಣ ಗಿಟಾರು ಅದರಲ್ಲಿ ಸೊಳ್ಳೆಯ ಹಾಗೆ ಕೇಳುತ್ತದೆ.

ಈ ಆಲ್ಬಮ್ಮಿನ ಸಿಡಿ ತರಿಸಿಕೊಂಡೆ. ಬೆಲೆಗಿಂತ ಅಂಚೆ ಖರ್ಚೇ ಜಾಸ್ತಿ ಬಿತ್ತು, ಮನೆಯಲ್ಲಿ ಸಿಡಿ ಪ್ಲೇಯರೂ ಇಲ್ಲ ಅಂತ ನಮ್ಮನೆಯವಳು ಜ್ಞಾಪಿಸಿದಳು. ಇರಲಿ. ಈಗ ನಿಮ್ಮಿಂದ ಒಂದು ಸಹಾಯ ಬೇಕು. ತತ್ವಪದ, ದಾಸರ ಪದ, ಚೌಡಿಕೆ ಪದ, ಸೋಬಾನೆ, ಅಥವಾ ಸ್ವಂತ ಹಾಡು ಕಟ್ಟಿ ಗಿಟಾರ್ ಹಿಡಿದು ಹಾಡುವವರೇ ಆಗಲಿ, ತಮ್ಮ ರೆಕಾರ್ಡಿಂಗನ್ನು ತಾವೇ ಮಾರುವವರು ಕನ್ನಡದಲ್ಲಿ ಯಾರ್‍ಯಾರಿದ್ದಾರೆ? ಕಾಮೆಂಟಿನಲ್ಲಿ ಹೆಸರು, ಊರು ಹಾಕಿ. ಫೋನ್ ನಂಬರ್ ಇದ್ದರೆ ಅವರನ್ನು ಕೇಳಿಕೊಂಡು ಇನ್‌ಬಾಕ್ಸಿಗೆ ಕಳಿಸಿ. ಯೂಟ್ಯೂಬ್ ಲಿಂಕ್ ಬೇಡ, ದುಡ್ಡು ಕೊಡೋದು ಎಲ್ಲಿ ಅಂತ ಹೇಳಿ.